ಷರಾ

ಗದಗಿನ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ
ಬಾಗಿಲಿಗೆ ಹತ್ತಿದ ಮೇಜು ನನ್ನದು.
ಆವಕ ಒಂದು ಪುಸ್ತಕ, ಜಾವಕ ಇನ್ನೊಂದು.
ನಡುವೆ ನಾನು, ಅಂಟಿನ ಬಾಟಲಿ,
ಎಲ್ಲದಕ್ಕೂ ಇಲ್ಲ ಇಲ್ಲ ಎಂದು ತಲೆಯಾಡಿಸುವ
ಟೇಬಲ್ ಫ್ಯಾನು.

ಜೂನ್ ಹನ್ನೊಂದಕ್ಕೆ ಬಂತು ಆ ಹಾಳೆ,
ನಡುವಿನ ಮೂರು ಮೇಜು ದಾಟಿ ನೇರ.
ಮಗಳ ನೋಟಬುಕ್ಕಿನಿಂದ ಹರಿದದ್ದು;
ಹಿಂಬದಿಗೆ ಇನ್ನೂ ಒಂದು ಭಾಗಾಕಾರ, ಶೇಷ ಮೂರು.
ಬರೆದವಳು ಮಾಬೂಬಿ ನದಾಫ, ಆಶಾ,
ಬೆಟಗೇರಿ, ನೇಕಾರರ ಓಣಿ:

"ಸಾಹೇಬ್ರ, ನಲವತ್ತೊಂದು ಮನಿ ನೋಡೀನಿ.
ಇಪ್ಪತ್ತೊಂಬತ್ತು ಮನಿ ಬ್ಯಾರಲ್‌ನಾಗ ಹುಳ ಅದಾವ.
ನೀರು ಚೆಲ್ರಿ ಅಂದ್ರ ಬೈತಾರ.
ಹದಿಮೂರು ದಿನಕ್ಕೊಮ್ಮೆ ನಳ ಬರ್ತೈತಿ,
ಹುಳ ಎಂಟು ದಿನದಾಗ ಸೊಳ್ಳಿ ಆಗ್ತೈತಿ.
ಲೆಕ್ಕ ನೀವೇ ಮಾಡ್ರಿ."

ನಂಬರು ಕೊಟ್ಟೆ: ೧೧೪೭.
ಷರಾ ಕಾಲಮ್ಮು ಖಾಲಿ ಬಿಟ್ಟೆ,
ಹತ್ತೊಂಬತ್ತು ವರ್ಷದಿಂದ ಬಿಟ್ಟ ಹಾಗೆ.

ನಮ್ಮ ಸಾಹೇಬರು ಎರಡು ಸಲ ಓದಿದರು.
ಒಳ್ಳೆಯವರು. ಕನ್ನಡಕ ತೆಗೆದು ಅಂದರು:
"ಹುಳ ನಮ್ಮದು, ಯಲಿಗಾರ. ನೀರು ನಮ್ಮದಲ್ಲ."
ನಗರಸಭೆಗೆ ಹೋಯಿತು ಕಾಗದ.
ನಗರಸಭೆ ಬರೆಯಿತು: ಕೊಳವೆ ನಮ್ಮದು,
ಕೊಳವೆಯೊಳಗೆ ಬರಬೇಕಾದದ್ದು ಜಲಮಂಡಳಿಯದು.
ಮಂಡಳಿ ಬರೆಯಿತು: ನದಿಯಲ್ಲಿ ನೀರಿದೆ, ಪಂಪಿಗೆ ಕರೆಂಟಿಲ್ಲ.
ಕರೆಂಟಿನವರು ಬರೆದರು: ಬಿಲ್ಲು ಬಾಕಿ, ನಗರಸಭೆಯದು.
ಒಂದೊಂದು ಬಾಗಿಲಲ್ಲೂ ಒಂದೊಂದು ಹಾಳೆ ಹುಟ್ಟಿ
ಮಾಬೂಬಿಯ ಹಾಳೆ ಅಡಿಗೆ ಸರಿಯಿತು,
ನೆರಳು ಬಿದ್ದೊಡನೆ ತಳಕ್ಕಿಳಿವ ಹುಳದಂತೆ.

ಮಾಬೂಬಿಯಾದರೂ ಯಾರವಳು?
ಗೌರವಧನ ಒಂದು ಸರ್ಕಾರದ್ದು, ಪ್ರೋತ್ಸಾಹಧನ ಇನ್ನೊಂದರದ್ದು,
ವಾರ್ಡು ನಗರಸಭೆಯದು, ನೌಕರಳಂತೂ ಅಲ್ಲ.
ಬ್ಯಾಟರಿಯ ಸೆಲ್ಲು ಮಾತ್ರ ಸ್ವಂತದ್ದು.

ಜುಲೈಯಲ್ಲಿ ಜಿಲ್ಲಾ ಪಂಚಾಯ್ತಿ ಸಭಾಂಗಣ.
ತಲೆಗೊಂದು ಮುಚ್ಚಳ ಬಿಗಿದ ಬಾಟಲಿ ನೀರು.
ನಡಾವಳಿ ಟೈಪು ಮಾಡಿದವನು ನಾನೇ:
"ಸಮನ್ವಯ" ಹದಿನಾಲ್ಕು ಸಲ,
"ಬ್ಯಾರಲ್" ಒಂದೂ ಇಲ್ಲ.

ಅದೇ ವಾರ ತುಕಾರಾಮ ಮೇರವಾಡೆಯ ಮಗಳು,
ಏಳನೆಯ ಇಯತ್ತೆ, ಜ್ವರದಲ್ಲಿ ಹುಬ್ಬಳ್ಳಿಗೆ ಹೋದವಳು
ತಿರುಗಿ ಬಂದದ್ದು ಬೇರೆ ಗಾಡಿಯಲ್ಲಿ.
ರಕ್ತದ ವರದಿ ಬರುವವರೆಗೆ ನಮ್ಮ ದಾಖಲೆಯಲ್ಲಿ
ಸಾವು ಖಚಿತ, ಕಾರಣ ಶಂಕಿತ.

ಆಗಸ್ಟಿನಲ್ಲಿ ಕಡತ ನನ್ನ ಮೇಜಿಗೇ ಮರಳಿತು,
ಮೂವತ್ತನಾಲ್ಕು ಪುಟ ದಪ್ಪ.
ನೆತ್ತಿಯ ಮೇಲೆ ಹಸಿರು ಶಾಯಿ: "ಸೂಕ್ತ ಕ್ರಮಕ್ಕಾಗಿ."
ಹೊಸ ನಂಬರು ಕೊಡಬೇಕಿತ್ತು.
ಕೊಡದೆ, ಯಾಕೋ, ಗಾಡಿ ಹತ್ತಿ ಬೆಟಗೇರಿಗೆ ಹೋದೆ.

ಓಣಿಯ ತುಂಬ ಮಗ್ಗದ ಸದ್ದು.
ಪ್ರತಿ ಬ್ಯಾರಲ್ಲಿನ ಬಾಯಿಗೆ ಸೀರೆ,
ಅಂಚು ಕೆಟ್ಟಿತೆಂದು ಸಾವಕಾರ ತಿರುಗಿಸಿ ಕಳಿಸಿದವು,
ಕೆಂಪು, ಗಿಣಿಹಸಿರು, ಒಂದು ಮದುವೆಯ ಹಳದಿ,
ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದು.
ಮೊದಲ ಸೀರೆ ಮೇರವಾಡೆ ಕೊಟ್ಟನಂತೆ.
ಮಾಬೂಬಿ ಒಂದನ್ನು ಬಿಚ್ಚಿ ಬ್ಯಾಟರಿ ಬಿಟ್ಟಳು.
ನೀರು. ಬರೀ ನೀರು.
"ಇನ್ನ ಮೂರು ಮನಿ ಉಳದಾವ್ರಿ," ಅಂದಳು.
"ನಳ ಮಾತ್ರ ಹದಿನೈದಕ್ಕ ಹೋಗೈತಿ."

ಮರುದಿನವೇ ಮೇಲಿನಿಂದ ಪತ್ರ:
ಸದರಿ ಕಾರ್ಯಕರ್ತೆಯು ಯಾರ ಆದೇಶದ ಮೇರೆಗೆ
ಬಟ್ಟೆ ಕಟ್ಟಿಸಿರುತ್ತಾರೆ, ವರದಿ ಸಲ್ಲಿಸುವುದು.

ಅದಕ್ಕೂ ನಂಬರು ಕೊಟ್ಟೆ: ೧೬೦೨.
ಆಮೇಲೆ ಕಟ್ಟಕಡೆಯ ಕಿರಿದಾದ ಕಾಲಮ್ಮಿಗೆ ಪೆನ್ನು ತಂದೆ.
ಒಂದೇ ಶಬ್ದಕ್ಕೆ ಜಾಗ.
"ಹುಡುಗಿ" ಎಂದು ಬರೆದೆ.
ಹೆಸರು ಕೇಳಿಕೊಂಡು ಬಂದಿರಲಿಲ್ಲ ನಾನು.

ಸಂಜೆ ಮನೆಗೆ ಬಂದು
ನಮ್ಮದೇ ಬ್ಯಾರಲ್ಲಿನ ಮೇಲೆ ಬಾಗಿದೆ.
ನನ್ನ ನೆರಳು ಬಿದ್ದದ್ದೇ ತಡ
ಏನೋ ತಳಕ್ಕಿಳಿಯಿತು.